ಕೇಳಿದ ಹಣ, ಬರೆದ ಲೆಕ್ಕ: ನಾಲ್ಕು ಚುನಾವಣೆಗಳ ನನ್ನ ಅನುಭವ

ಅಭ್ಯರ್ಥಿಯ ಪರವಾಗಿ ಹಣ ಸಂಗ್ರಹಿಸುವವನು ಎಂದು ಪರಿಚಯ ಮಾಡಿಕೊಟ್ಟ ಕೂಡಲೇ ಜನರ ಕಣ್ಣು ನನ್ನ ಕೈಚೀಲದ ಮೇಲೆ ಹೋಗುತ್ತಿತ್ತು. ಅದರೊಳಗೆ ಇರುತ್ತಿದ್ದುದು ಒಂದು ರಸೀದಿ ಪುಸ್ತಕ, ಚುನಾವಣಾಧಿಕಾರಿಯ ಕಚೇರಿಯಿಂದ ಕೊಟ್ಟ ಖರ್ಚಿನ ವಹಿ, ಸ್ಟೇಪ್ಲರ್ ಮತ್ತು ಸಹಿ ಹಾಕಿಸಿಕೊಳ್ಳಬೇಕಾದ ವೋಚರ್‌ಗಳು. 2008ರಿಂದ 2023ರವರೆಗೆ ಕರ್ನಾಟಕದ ನಾಲ್ಕು ವಿಧಾನಸಭಾ ಚುನಾವಣೆಗಳಲ್ಲಿ ನಾನು ಕೆಲಸ ಮಾಡಿದ್ದು ಕೈಯಲ್ಲಿ ದುಡ್ಡಿಲ್ಲದ ಅಭ್ಯರ್ಥಿಗಳ ಜೊತೆಯಲ್ಲೇ. ರಸೀದಿಯಿಲ್ಲದೆ ಹರಿಯುವ ಹಣ ಈ ರಾಜ್ಯದ ಚುನಾವಣೆಗಳಲ್ಲಿ ಎಷ್ಟಿದೆ ಎಂಬುದು ಎಲ್ಲರ ಕಣ್ಣಿಗೂ ಬಿದ್ದಿರುವ ಸಂಗತಿ. ನಾನು ಹೇಳಬಲ್ಲದ್ದು ರಸೀದಿಯ ಹಣದ ಬಗ್ಗೆ ಮಾತ್ರ.

2008ರಲ್ಲಿ ನಾನು ಬಿ.ಕಾಂ. ಮುಗಿಸಿ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ವೋಚರ್ ಬರೆಯುತ್ತಿದ್ದೆ. ಆ ವರ್ಷದ ಮೇ ತಿಂಗಳಲ್ಲಿ ಚುನಾವಣೆ ಮೂರು ಹಂತಗಳಲ್ಲಿ ನಡೆಯಿತು. ಕಚೇರಿಯ ಹಿರಿಯರಿಗೆ ಬೇಕಾಗಿದ್ದ ನಿವೃತ್ತ ಅಧ್ಯಾಪಕರೊಬ್ಬರು ಪಕ್ಷೇತರರಾಗಿ ನಿಂತಿದ್ದರಿಂದ ಅವರ ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಆಗ ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ ₹10 ಲಕ್ಷ. ನಮ್ಮ ಖರ್ಚು ಅದರ ಐದನೆಯ ಒಂದು ಭಾಗವನ್ನೂ ಮುಟ್ಟಲಿಲ್ಲ. ಮೇಷ್ಟ್ರು ಯಾರು ಎಷ್ಟು ಕೊಟ್ಟರು, ಯಾರಿಗೆ ಎಷ್ಟು ಕೊಟ್ಟೆವು ಎಂಬುದನ್ನೆಲ್ಲ ಚೀಟಿಗಳಲ್ಲಿ ಬರೆದು ಜುಬ್ಬದ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಒಂದು ದಿನ ಆ ಜುಬ್ಬ ಹಾಗೆಯೇ ಒಗೆತಕ್ಕೆ ಹೋಯಿತು. ಮರಳಿ ಬಂದದ್ದು ಬಿಳಿಯ ಜುಬ್ಬ ಮತ್ತು ಜೇಬಿನಲ್ಲೊಂದು ಗಟ್ಟಿಯಾದ ಕಾಗದದ ಉಂಡೆ. ನಾಲ್ಕು ದಿನಗಳ ಲೆಕ್ಕವನ್ನು ಮನೆ ಮನೆಗೆ ಹೋಗಿ ಕೇಳಿ ಮತ್ತೆ ಕಟ್ಟಬೇಕಾಯಿತು. ಆ ದಿನದ ಲೆಕ್ಕವನ್ನು ಆ ರಾತ್ರಿಯೇ ಬರೆಯದೆ ಮಲಗಬಾರದು ಎಂಬ ನಿಯಮವನ್ನು ನಾನು ಹಾಕಿಕೊಂಡದ್ದು ಅಂದಿನಿಂದ.

ಹಣ ಕೇಳುವ ಕೆಲಸ ನನಗೆ ಬಂದದ್ದು 2013ರಲ್ಲಿ, ಅದೂ ಬೇರೆ ಯಾರೂ ಒಪ್ಪದ ಕಾರಣಕ್ಕೆ. ಮೊದಲ ವಾರ ನಾನು ಹೋದಲ್ಲೆಲ್ಲ ‘ನಿಮ್ಮ ಕೈಲಾದಷ್ಟು ಸಹಾಯ ಮಾಡಿ’ ಎಂದು ಕೇಳುತ್ತಿದ್ದೆ. ಕೇಳುವವನಿಗೆ ಸಂಕೋಚವಿಲ್ಲದ ಆ ಮಾತಿನಿಂದ ಕೊಡುವವನಿಗೂ ಹೆಚ್ಚಿನ ಭಾರವಾಗುವುದಿಲ್ಲ. ಐನೂರು ರೂಪಾಯಿಯ ಒಂದು ನೋಟು ಹೊರಬಂದು ಮಾತು ಮುಗಿಯುತ್ತಿತ್ತು. ಅಡಿಕೆ ವ್ಯಾಪಾರಿಯೊಬ್ಬರು ಮಾತ್ರ ನನ್ನನ್ನು ಕೂರಿಸಿಕೊಂಡು, ‘ಎಷ್ಟು ಬೇಕು, ಯಾತಕ್ಕೆ ಬೇಕು ಅಂತ ಹೇಳಪ್ಪ. ನಾನು ಊಹೆ ಮಾಡಿ ಕೊಟ್ರೆ ನಿನಗೂ ನಷ್ಟ, ನನಗೂ ಬೇಜಾರು’ ಎಂದರು. ಅಲ್ಲಿಂದ ಮುಂದೆ ನಾನು ಮೊತ್ತವನ್ನೂ ಉದ್ದೇಶವನ್ನೂ ಹೇಳಿಯೇ ಕೇಳತೊಡಗಿದೆ. ಒಂದು ಆಟೋ, ಅದರ ಮೈಕ್, ಹದಿನೈದು ದಿನಗಳ ಬಾಡಿಗೆ ಮತ್ತು ಇಂಧನ, ಇಷ್ಟು ಹೋಬಳಿಗಳು, ಒಟ್ಟು ಇಷ್ಟು ರೂಪಾಯಿ ಎಂದು ಬರೆದ ಹಾಳೆಯನ್ನು ಮುಂದಿಟ್ಟು ಸುಮ್ಮನೆ ಕೂರುವುದನ್ನು ಅಭ್ಯಾಸ ಮಾಡಿಕೊಂಡೆ. ಕೇಳಿದ ಮೇಲೆ ಸುಮ್ಮನಿರುವುದೇ ಕಷ್ಟ; ಎದುರಿನವರು ಯೋಚಿಸುತ್ತಿರುವಾಗ ನಾವೇ ಬಾಯಿಬಿಟ್ಟು ‘ಪೂರ್ತಿ ಆಗದಿದ್ದರೆ ಅರ್ಧವಾದರೂ’ ಎಂದುಬಿಡುತ್ತೇವೆ, ಆಮೇಲೆ ಅರ್ಧವೇ ಬರುತ್ತದೆ.

ಅಭ್ಯರ್ಥಿ ತಾನೇ ಕೇಳಬೇಕಾದ ಹಣವನ್ನು ಸಹಾಯಕ ಕೇಳಿದರೆ ಬರುವುದಿಲ್ಲ ಎಂಬುದೂ ಆಗಲೇ ತಿಳಿಯಿತು. ಹಾಗಾಗಿ ಬೆಳಿಗ್ಗೆ ಏಳರಿಂದ ಎಂಟೂವರೆಯವರೆಗಿನ ಸಮಯವನ್ನು ನಾನು ಫೋನಿಗೆ ಮೀಸಲಿಡುತ್ತಿದ್ದೆ. ಸಹಪಾಠಿಗಳು, ಹಳೆಯ ವಿದ್ಯಾರ್ಥಿಗಳು, ನೆಂಟರು, ರೈತ ಸಂಘದವರು, ಪೇಟೆಯ ಸಣ್ಣ ವ್ಯಾಪಾರಿಗಳು ಎಂದು ವಿಂಗಡಿಸಿದ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಯಾರ ಪರಿಚಯ, ಹಿಂದೆ ಏನು ಮಾತಾಗಿತ್ತು, ಎಷ್ಟು ಕೇಳಬೇಕು ಎಂಬ ಟಿಪ್ಪಣಿ ಇರುತ್ತಿತ್ತು. ನಾನು ಪಕ್ಕದಲ್ಲಿ ಕುಳಿತು ಒಂದೊಂದೇ ಸಂಖ್ಯೆಗೆ ಕರೆ ಹಚ್ಚಿ ಫೋನನ್ನು ಅವರ ಕೈಗೆ ಕೊಡುತ್ತಿದ್ದೆ. ಸಾವಿರ ಜನರೆದುರು ನಿಂತು ಮಂತ್ರಿಗಳನ್ನೇ ಪ್ರಶ್ನಿಸುವವರು ತಮ್ಮ ಸ್ವಂತ ಸೋದರಮಾವನಿಂದ ಹತ್ತು ಸಾವಿರ ಕೇಳುವ ಹೊತ್ತಿಗೆ ಬಚ್ಚಲಿಗೆ ಹೋಗಿ ಬರುತ್ತೇನೆಂದು ಎದ್ದುಬಿಡುತ್ತಿದ್ದರು. ಕರೆ ಮುಗಿದ ಕೂಡಲೇ ಅವರು ಹೇಳಿದ ಮೊತ್ತ ಮತ್ತು ದಿನವನ್ನು ಬರೆದುಕೊಂಡು ಆ ದಿನಕ್ಕೆ ಮತ್ತೆ ನೆನಪಿಸುವುದು ನನ್ನ ಪಾಲಿನ ಕೆಲಸ. ಕೊಡುತ್ತೇನೆ ಎಂದವರಲ್ಲಿ ಮೂವರಲ್ಲೊಬ್ಬರು ಕೊನೆಗೂ ಕೊಡುವುದಿಲ್ಲ ಎಂದು ಲೆಕ್ಕ ಹಾಕಿಯೇ ನಾನು ಖರ್ಚಿನ ಯೋಜನೆ ಮಾಡುತ್ತಿದ್ದೆ. ಸಾಮಾನ್ಯವಾಗಿ ಆ ಅಂದಾಜು ತಪ್ಪಿದ್ದಿಲ್ಲ.

2018ರಲ್ಲಿ ಮಿತಿ ₹28 ಲಕ್ಷಕ್ಕೆ ಏರಿತ್ತು. ನಮ್ಮ ಅಭ್ಯರ್ಥಿ ಮತ್ತೆ ಪಕ್ಷೇತರರು. ತೆರಿಗೆ ಕಟ್ಟುವ ದಾನಿಗಳು ಮೊದಲು ಕೇಳುತ್ತಿದ್ದ ಪ್ರಶ್ನೆ ‘ಎಂಬತ್ತು ಜಿಜಿಸಿ ರಸೀದಿ ಸಿಗುತ್ತದೆಯೇ’ ಎಂಬುದು. ಆದಾಯ ತೆರಿಗೆ ಕಾಯ್ದೆಯ ಆ ವಿನಾಯಿತಿ ರಾಜಕೀಯ ಪಕ್ಷಕ್ಕೋ ಚುನಾವಣಾ ಟ್ರಸ್ಟಿಗೋ ನಗದಲ್ಲದ ರೂಪದಲ್ಲಿ ಕೊಟ್ಟ ದೇಣಿಗೆಗೆ ಮಾತ್ರ ಅನ್ವಯಿಸುತ್ತದೆ. ಪಕ್ಷೇತರ ಅಭ್ಯರ್ಥಿಗೆ ಕೊಟ್ಟ ಹಣಕ್ಕೆ ಅದು ದಕ್ಕುವುದಿಲ್ಲ. ಇದನ್ನು ಮೊದಲೇ ಹೇಳಿದ್ದರಿಂದ ಕೆಲವರು ಕೈಬಿಟ್ಟರು, ಆದರೆ ಆಮೇಲೆ ಯಾರೂ ಜಗಳಕ್ಕೆ ಬರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಚುನಾವಣಾ ಬಾಂಡ್ ಯೋಜನೆ ಜಾರಿಗೆ ಬಂದಿತ್ತು. ಹೆಸರು ಹೊರಬರದಂತೆ ಬಾಂಡ್ ಕೊಡಬಹುದಲ್ಲ ಎಂದು ಕೇಳಿದ ಉದ್ಯಮಿಗಳಿಗೆ, ಅದು ಹಿಂದಿನ ಚುನಾವಣೆಯಲ್ಲಿ ಶೇಕಡಾ 1ರಷ್ಟಾದರೂ ಮತ ಪಡೆದ ನೋಂದಾಯಿತ ಪಕ್ಷಗಳಿಗೆ ಮಾತ್ರ ಸಲ್ಲುತ್ತದೆ ಎಂದು ವಿವರಿಸುವುದೇ ನನಗೊಂದು ಹೆಚ್ಚುವರಿ ಕೆಲಸವಾಯಿತು. ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ಆ ಯೋಜನೆಯನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿದಾಗ ನಮ್ಮಂಥವರ ಲೆಕ್ಕದ ವಹಿಯಲ್ಲಿ ಏನೂ ಬದಲಾಗಲಿಲ್ಲ, ಏಕೆಂದರೆ ಅದರ ಒಂದು ರೂಪಾಯಿಯೂ ನಮ್ಮ ಹತ್ತಿರ ಸುಳಿದಿರಲಿಲ್ಲ.

2023ರಲ್ಲಿ ನಾನು ಸಣ್ಣ ನೋಂದಾಯಿತ ಪಕ್ಷವೊಂದರ ಅಭ್ಯರ್ಥಿಯ ಜೊತೆಗಿದ್ದೆ. ಮಿತಿ ₹40 ಲಕ್ಷ. ಪಕ್ಷದ ಖಾತೆಗೆ ಹಣ ಪಡೆಯುವ ಅವಕಾಶ ಸಿಕ್ಕಿದ್ದರಿಂದ ಸಂಗ್ರಹ ಸುಲಭವಾಗುತ್ತದೆಂದು ಎಣಿಸಿದ್ದೆ. ನಿಜಕ್ಕೂ ಆ ಬಾರಿ ನನ್ನ ಸಮಯ ಹೆಚ್ಚಾಗಿ ಹೋದದ್ದು ಹಣ ಬೇಡವೆನ್ನುವುದರಲ್ಲಿ. ವಿದೇಶದಲ್ಲಿದ್ದ ಅಭ್ಯರ್ಥಿಯ ಗೆಳೆಯರೊಬ್ಬರು ಕೇಳದೆಯೇ ದೊಡ್ಡ ಮೊತ್ತ ಕಳಿಸಲು ಸಿದ್ಧರಾಗಿದ್ದರು. ಭಾರತದ ಪಾಸ್‌ಪೋರ್ಟ್ ಇದೆಯೇ ಎಂದು ಕೇಳಿದಾಗ, ಈಗ ಇರುವುದು ಓಸಿಐ ಕಾರ್ಡ್, ಅಂದರೆ ಹೊರದೇಶದ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಕಾರ್ಡ್ ಎಂದರು. ಹೊರದೇಶದ ಪೌರತ್ವ ಪಡೆದವರ ಹಣ ವಿದೇಶಿ ಮೂಲದ ಹಣವಾಗುತ್ತದೆ, ಅದನ್ನು ಪಕ್ಷವಾಗಲಿ ಅಭ್ಯರ್ಥಿಯಾಗಲಿ ಮುಟ್ಟುವಂತಿಲ್ಲ. ‘ಒಂದೇ ಬೆಂಚಿನಲ್ಲಿ ಕೂತವನನ್ನು ವಿದೇಶಿ ಅಂತೀಯಲ್ಲಪ್ಪ’ ಎಂದು ಅವರು ನೊಂದುಕೊಂಡರು. ಕಾನೂನು ಹಾಗನ್ನುತ್ತದೆ ಸಾರ್ ಎನ್ನುವುದಷ್ಟೇ ನನಗೆ ಸಾಧ್ಯವಿತ್ತು. ಇನ್ನೊಬ್ಬರದು ಎರಡು ವರ್ಷದ ಕಂಪನಿ. ಮೂರು ವರ್ಷ ತುಂಬದ ಕಂಪನಿ ರಾಜಕೀಯ ದೇಣಿಗೆ ಕೊಡುವಂತಿಲ್ಲ ಎಂದು ಕಂಪನಿ ಕಾಯ್ದೆಯ 182ನೆಯ ಕಲಮು ಹೇಳುತ್ತದೆ. ಆ ಚೆಕ್ಕನ್ನು ಹಿಂದಿರುಗಿಸಿ, ಬೇಕಿದ್ದರೆ ಅವರ ಸ್ವಂತ ಖಾತೆಯಿಂದ ಕೊಡಬಹುದೆಂದು ತಿಳಿಸಿದೆ. ಅವರು ಕೊಟ್ಟರು, ಆದರೆ ಅರ್ಧದಷ್ಟು.

ಮೂರನೆಯದು ಬೇರೆಯೇ ಜಾತಿಯದು. ಪರಿಚಯದವರ ಪರಿಚಯದವರೊಬ್ಬರು ಬಂದು, ತಾವು ಪಕ್ಷಕ್ಕೆ ದೊಡ್ಡ ಚೆಕ್ ಕೊಡುವುದಾಗಿಯೂ, ನಾವು ಅದರಲ್ಲಿ ನೂರಕ್ಕೆ ಐದನ್ನು ಇಟ್ಟುಕೊಂಡು ಉಳಿದದ್ದನ್ನು ನಗದಾಗಿ ಮರಳಿಸಿದರೆ ಸಾಕೆಂದೂ, ತಮಗೆ ಬೇಕಿರುವುದು ತೆರಿಗೆ ರಸೀದಿ ಮಾತ್ರವೆಂದೂ ಬಹಳ ಸಹಜವಾಗಿ ವಿವರಿಸಿದರು. ಆ ವಾರ ಕರಪತ್ರ ಮುದ್ರಿಸಿದವರಿಗೆ ಕೊಡಲು ನಮ್ಮಲ್ಲಿ ಹಣವಿರಲಿಲ್ಲ. ಅಭ್ಯರ್ಥಿ ನನ್ನ ಮುಖ ನೋಡಿದರು. ನಾನು ಬಂದವರಿಗೆ ಚಹಾ ಕೊಟ್ಟು ಕಳಿಸಿದೆ. ಆಮೇಲೆ ಎರಡು ದಿನ ಅಭ್ಯರ್ಥಿ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಈ ಕೆಲಸದಲ್ಲಿ ಸಂಬಳಕ್ಕಿಂತ ಮೊದಲು ಕಳೆದುಕೊಳ್ಳುವುದು ಯಜಮಾನರ ಮುಖಪ್ರಸನ್ನತೆಯನ್ನು.

ಹೆಸರಿನ ಭಯ ಪ್ರತಿಯೊಂದು ಚುನಾವಣೆಯಲ್ಲೂ ಇತ್ತು. ಒಬ್ಬ ದಾನಿ ಒಂದು ಆರ್ಥಿಕ ವರ್ಷದಲ್ಲಿ ₹20,000ಕ್ಕಿಂತ ಹೆಚ್ಚು ಕೊಟ್ಟರೆ ಪಕ್ಷವು ಆ ಹೆಸರನ್ನು ಚುನಾವಣಾ ಆಯೋಗಕ್ಕೆ ವರದಿ ಮಾಡಬೇಕು. ಗೆದ್ದವರು ಬೇರೆ ಪಕ್ಷದವರಾದರೆ ತಮ್ಮ ಗುತ್ತಿಗೆಗೋ ಪರವಾನಗಿಗೋ ತೊಂದರೆಯಾದೀತೆಂಬ ಅಳುಕಿನಿಂದ ಹತ್ತೊಂಬತ್ತು ಸಾವಿರಕ್ಕೆ ನಿಲ್ಲಿಸಿದವರು ನನ್ನ ಪಟ್ಟಿಯಲ್ಲಿ ಅನೇಕರಿದ್ದರು. ನಾನು ಅವರನ್ನು ದೂರುವುದಿಲ್ಲ. ಅದರ ಬದಲಿಗೆ, ಐನೂರು, ಸಾವಿರ ಕೊಡುವವರ ಸಂಖ್ಯೆಯನ್ನು ಹೆಚ್ಚಿಸುವ ಕಡೆಗೆ ಗಮನ ಕೊಟ್ಟೆ. ಪಕ್ಷವು ಒಬ್ಬರಿಂದ ₹2,000ಕ್ಕಿಂತ ಹೆಚ್ಚಿನ ನಗದು ಪಡೆದರೆ ತನ್ನ ತೆರಿಗೆ ವಿನಾಯಿತಿಯನ್ನೇ ಕಳೆದುಕೊಳ್ಳುವ ನಿಯಮ 2017ರಿಂದ ಇರುವುದರಿಂದ, ಸಭೆಗಳಲ್ಲಿ ಡಬ್ಬಿ ಹಿಡಿಯುವುದನ್ನು ಬಿಟ್ಟು ಯುಪಿಐ ಸಂಕೇತವನ್ನು ಹಲಗೆಗೆ ಅಂಟಿಸಿ ನಿಲ್ಲಿಸಿದೆವು. ಕೊಟ್ಟವರಿಗೆಲ್ಲ ವಾರಕ್ಕೊಮ್ಮೆ ಎಷ್ಟು ಬಂತು, ಯಾವುದಕ್ಕೆ ಹೋಯಿತು ಎಂಬ ಒಂದು ಪುಟದ ಲೆಕ್ಕವನ್ನು ಫೋನಿಗೆ ಕಳುಹಿಸಿದೆ. ಅದನ್ನು ಓದಿದ ಮೇಲೆ ಎರಡನೆಯ ಸಲ ಹಣ ಹಾಕಿದವರು ಎಷ್ಟೋ ಮಂದಿ. ನನ್ನ ಮಟ್ಟಿಗೆ ಹಣ ಕೇಳುವ ಕೆಲಸ ಮತ್ತು ಲೆಕ್ಕ ಬರೆಯುವ ಕೆಲಸ ಒಂದೇ ಕೈಯಲ್ಲಿರಬೇಕು ಎನ್ನಲು ಇದೇ ಕಾರಣ. ಬಹುಪಾಲು ಪ್ರಚಾರ ಕಚೇರಿಗಳಲ್ಲಿ ಇವನ್ನು ಬೇರೆ ಬೇರೆಯವರಿಗೆ ಕೊಡುತ್ತಾರೆ, ಕೇಳುವವನಿಗೆ ಖರ್ಚು ತಿಳಿದಿರುವುದಿಲ್ಲ, ಬರೆಯುವವನಿಗೆ ಕೊಟ್ಟವರ ಮುಖ ತಿಳಿದಿರುವುದಿಲ್ಲ.

ಖರ್ಚಿನ ವಹಿಯಲ್ಲಿ ಮೂರು ಬಣ್ಣದ ಹಾಳೆಗಳಿರುತ್ತವೆ: ದಿನದ ಖರ್ಚಿಗೆ ಬಿಳಿ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ನಾಮಪತ್ರ ಸಲ್ಲಿಸುವ ಮುನ್ನಾದಿನದೊಳಗೆ ಚುನಾವಣಾ ಖರ್ಚಿಗೆಂದೇ ಪ್ರತ್ಯೇಕ ಖಾತೆ ತೆರೆಯಬೇಕು, ಎಲ್ಲವೂ ಅದರ ಮೂಲಕವೇ ಹೋಗಬೇಕು. ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶದ ದಿನದವರೆಗಿನ ಖರ್ಚೆಲ್ಲ ಲೆಕ್ಕಕ್ಕೆ ಬರುತ್ತದೆ. ಹೊಸಬರು ಎಡವುವುದು ನಗದಿನ ನಿಯಮದಲ್ಲಿ. ಇಡೀ ಚುನಾವಣೆಯಲ್ಲಿ ಒಬ್ಬ ವ್ಯಕ್ತಿಗೆ ನಗದಾಗಿ ಕೊಡಬಹುದಾದದ್ದು ಮೊದಲು ₹20,000 ಇತ್ತು, ಈಗ ₹10,000. ಇದು ಒಂದು ಬಿಲ್ಲಿನ ಮಿತಿಯಲ್ಲ, ಒಟ್ಟು ಮೊತ್ತದ ಮಿತಿ. ಕಚೇರಿಗೆ ಎದುರಿನ ಅಂಗಡಿಯಿಂದ ದಿನಕ್ಕೆ ₹900ರ ಚಹಾ ತರಿಸಿ ನಗದು ಕೊಡುತ್ತ ಹೋದರೆ ಹನ್ನೆರಡನೆಯ ದಿನಕ್ಕೆ ₹10,800 ಆಗಿ ನಿಯಮ ಮುರಿದಿರುತ್ತದೆ. ಮೊದಲ ದಿನವೇ ಚಹಾದವರ ಬ್ಯಾಂಕ್ ಖಾತೆಯ ವಿವರ ಕೇಳುವ ನನ್ನನ್ನು ನೋಡಿ ಕಾರ್ಯಕರ್ತರು ನಗುತ್ತಿದ್ದರು.

ಪ್ರಚಾರದ ಅವಧಿಯಲ್ಲಿ ವೆಚ್ಚ ವೀಕ್ಷಕರು ಕನಿಷ್ಠ ಮೂರು ಬಾರಿ ಈ ವಹಿಯನ್ನು ಪರಿಶೀಲಿಸುತ್ತಾರೆ. ಅವರ ಕಡೆಯಲ್ಲೂ ನಮ್ಮ ಅಭ್ಯರ್ಥಿಯ ಹೆಸರಿನಲ್ಲಿ ಒಂದು ಶ್ಯಾಡೋ ರಿಜಿಸ್ಟರ್ ಇರುತ್ತದೆ; ಸಭೆಗಳನ್ನು ವಿಡಿಯೊ ತಂಡ ಚಿತ್ರೀಕರಿಸಿ, ಕುರ್ಚಿ, ಶಾಮಿಯಾನ, ವಾಹನ, ಫ್ಲೆಕ್ಸ್‌ಗಳನ್ನು ಎಣಿಸಿ, ಜಿಲ್ಲಾ ಚುನಾವಣಾಧಿಕಾರಿ ಗೊತ್ತುಪಡಿಸಿದ ದರಪಟ್ಟಿಯ ಪ್ರಕಾರ ಬೆಲೆ ಕಟ್ಟಿರುತ್ತಾರೆ. ಎರಡನೆಯ ಪರಿಶೀಲನೆಯಲ್ಲಿ ನಮ್ಮ ಒಂದು ಸಭೆಗೆ ಅವರು ಸಾವಿರ ಕುರ್ಚಿ ಬರೆದಿದ್ದರು, ನಾವು ಆರುನೂರು ಬರೆದಿದ್ದೆವು. ಕುರ್ಚಿಗಳನ್ನು ಇಳಿಸಿದಾಗ ಪಡೆದ ಚಲನ್ ನನ್ನ ಬಳಿ ಇತ್ತು. ವಿಡಿಯೊವನ್ನು ಮತ್ತೆ ಹಾಕಿಸಿ, ಸಾಲು ಸಾಲಾಗಿ ಎಣಿಸಿ ನೋಡಿದಾಗ ಅರ್ಧ ಮೈದಾನ ಪಕ್ಕದ ಕಲ್ಯಾಣಮಂಟಪದ ಮದುವೆಯದು ಎಂದು ಗೊತ್ತಾಯಿತು. ಆದರೆ ಅದೇ ಸಭೆಯ ಶಾಮಿಯಾನವನ್ನು ಅಭಿಮಾನಿಯೊಬ್ಬರು ಉಚಿತವಾಗಿ ಹಾಕಿದ್ದರು. ಅದನ್ನು ನಾನು ಬರೆದಿರಲಿಲ್ಲ. ಉಚಿತವಾಗಿ ಸಿಕ್ಕದ್ದಕ್ಕೂ ಮಾರುಕಟ್ಟೆಯ ಬೆಲೆ ಕಟ್ಟಿ ಖರ್ಚಿನಲ್ಲಿ ತೋರಿಸಬೇಕೆಂಬ ನಿಯಮ ಗೊತ್ತಿದ್ದೂ ಮಾಡಿದ ತಪ್ಪು ಅದು. ಕುರ್ಚಿಯಲ್ಲಿ ಗೆದ್ದು ಶಾಮಿಯಾನದಲ್ಲಿ ಸೋತು ಬಂದೆ.

2023ರ ಮೇ 10ಕ್ಕೆ ಮತದಾನ, 13ಕ್ಕೆ ಫಲಿತಾಂಶ. ನಮ್ಮವರು ಸೋತರು. ಸೋತ ಮರುದಿನ ಪ್ರಚಾರ ಕಚೇರಿಯಲ್ಲಿ ನಾನು ಮತ್ತು ಬಾಡಿಗೆ ಕೇಳಲು ಬಂದ ಕಟ್ಟಡದವರು ಇಬ್ಬರೇ ಇದ್ದೆವು. ಫಲಿತಾಂಶ ಪ್ರಕಟವಾದ 30 ದಿನಗಳೊಳಗೆ, ಅಂದರೆ ಜೂನ್ 12ರೊಳಗೆ, ಪೂರ್ತಿ ಲೆಕ್ಕವನ್ನು ಪ್ರಮಾಣಪತ್ರದೊಂದಿಗೆ ಜಿಲ್ಲಾ ಚುನಾವಣಾಧಿಕಾರಿಗೆ ಸಲ್ಲಿಸಬೇಕು. ಸಕಾರಣವಿಲ್ಲದೆ ತಪ್ಪಿದರೆ ಪ್ರಜಾಪ್ರಾತಿನಿಧ್ಯ ಕಾಯ್ದೆಯ 10ಎ ಕಲಮಿನಡಿ ಆಯೋಗವು ಮೂರು ವರ್ಷ ಚುನಾವಣೆಗೆ ನಿಲ್ಲದಂತೆ ಅನರ್ಹಗೊಳಿಸಬಹುದು. ಗೆದ್ದವರಿಗೆ ಇದನ್ನು ನೆನಪಿಸಲು ಹತ್ತು ಜನರಿರುತ್ತಾರೆ. ಸೋತವರು ಫೋನನ್ನೇ ಎತ್ತುವುದಿಲ್ಲ. ನಮ್ಮ ಅಭ್ಯರ್ಥಿ ಊರು ಬಿಟ್ಟು ಅಕ್ಕನ ಮನೆಗೆ ಹೋಗಿದ್ದರು. ವೋಚರ್‌ಗಳನ್ನು ಜೋಡಿಸಿ, ಬಾಕಿ ಬಿಲ್ಲುಗಳನ್ನು ತೀರಿಸಿ, ಬ್ಯಾಂಕಿನ ಪಟ್ಟಿಯೊಂದಿಗೆ ಹಳದಿ ಹಾಳೆಯನ್ನು ತಾಳೆ ಹಾಕಿ ನಾನು ಅಲ್ಲಿಗೇ ಬಸ್ಸು ಹಿಡಿದೆ. ಅವರು ಒಳಗಿನಿಂದಲೇ ‘ಇನ್ನು ಅದೆಲ್ಲ ಯಾಕೆ ಬಿಡಪ್ಪ’ ಎಂದರು. ಅಕ್ಕ ನನಗೆ ಊಟ ಬಡಿಸಿ, ಕಾಗದಗಳನ್ನು ತಾವೇ ಒಳಗೆ ಒಯ್ದು, ‘ದುಡ್ಡು ಕೊಟ್ಟೋರ ಹೆಸರು ಇದರಲ್ಲಿದೆಯಂತೆ, ಸಹಿ ಹಾಕು’ ಎಂದು ಹೇಳಿದ್ದು ಕೇಳಿಸಿತು. ನೋಟರಿಯ ಮುಂದೆಯೂ ಸಹಿ ಮಾಡಬೇಕಿದ್ದುದರಿಂದ ಮರುದಿನ ಅವರನ್ನು ಜೊತೆಯಲ್ಲೇ ಕರೆದುಕೊಂಡು ಬಂದೆ. 28ನೆಯ ದಿನ ಸಂಜೆ ನಾಲ್ಕೂವರೆಗೆ ಕಚೇರಿಯ ಗುಮಾಸ್ತರು ಎಲ್ಲ ಪುಟಗಳನ್ನು ಎಣಿಸಿ, ಸ್ವೀಕೃತಿಗೆ ಮುದ್ರೆ ಒತ್ತಿ ಕೊಟ್ಟರು. ಅದರ ಒಂದು ಪ್ರತಿಯನ್ನು ಆ ರಾತ್ರಿಯೇ ದಾನಿಗಳಿಗೆಲ್ಲ ಕಳುಹಿಸಿದೆ.