ಮಗಳಿಗೆ ಕ್ಯಾಮೆರಾ: ಅಂಗಡಿಗೆ ಹೋಗುವ ಮುಂಚೆ ಮಂಡಗದ್ದೆಗೆ ಹೋಗಿಬನ್ನಿ

ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದರೆ ಕ್ಯಾಮೆರಾ ಕೊಡಿಸುತ್ತೇನೆ ಎಂದು ಮಾತು ಕೊಟ್ಟ ಅಪ್ಪಂದಿರು ಬೇಸಿಗೆ ರಜೆಯಲ್ಲಿ ಸಿಕ್ಕಿಬೀಳುತ್ತಾರೆ. ನಾನೂ ಸಿಕ್ಕಿಬಿದ್ದವನೇ. ಅಂಗಡಿಯಲ್ಲಿ ನಿಂತು ‘ಸಣ್ಣದೋ, ಡಿಎಸ್‌ಎಲ್‌ಆರೋ’ (ಎರಡನೆಯದು ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ) ಎಂದು ಒಂದು ಗಂಟೆ ಚರ್ಚೆ ಮಾಡಿ ಬರಿಗೈಲಿ ಮನೆಗೆ ಬಂದೆವು. ಆಮೇಲೆ ಗೊತ್ತಾಯಿತು, ಆ ಪ್ರಶ್ನೆ ಅಂಗಡಿಯಲ್ಲಿ ಬಗೆಹರಿಯುವಂಥದ್ದಲ್ಲ.

ಮೊದಲು ಕೈಕೊಟ್ಟ ಫೋಟೊಗಳನ್ನು ನೋಡಿ

ಮಗಳಿಗೋ ಮಗನಿಗೋ ಒಂದು ತಿಂಗಳ ಕೆಲಸ ಹಚ್ಚಿ. ಮೊಬೈಲಿನಲ್ಲಿ ತೆಗೆದು ‘ಛೇ, ಸರಿ ಬರಲಿಲ್ಲ’ ಅನ್ನಿಸಿದ ಫೋಟೊಗಳನ್ನು ಅಳಿಸದೆ ಒಂದು ಆಲ್ಬಮ್‌ಗೆ ಹಾಕಲಿ. ತಿಂಗಳ ಕೊನೆಗೆ ಇಬ್ಬರೂ ಕೂತು ನೋಡಿ. ದೂರದ್ದು ಕೆಟ್ಟಿದೆಯೋ, ಕತ್ತಲೆಯದ್ದು ಕೆಟ್ಟಿದೆಯೋ, ತೀರಾ ಹತ್ತಿರದ್ದು ಕೆಟ್ಟಿದೆಯೋ? ಮೂರಕ್ಕೂ ಮದ್ದು ಬೇರೆ ಬೇರೆ. ಗೆಳತಿಯರು, ಹೋಳಿಗೆ, ಮನೆಯ ನಾಯಿ ಇಷ್ಟೇ ಇದ್ದು ಎಲ್ಲವೂ ಚೆನ್ನಾಗಿ ಬಂದಿದ್ದರೆ ಮೊಬೈಲೇ ಸಾಕು. ಅಗ್ಗದ ಪಾಕೆಟ್ ಕ್ಯಾಮೆರಾ ಈಗಿನ ಮೊಬೈಲಿಗಿಂತ ಹೆಚ್ಚೇನೂ ಕೊಡುವುದಿಲ್ಲ.

ದೂರದ ಪರೀಕ್ಷೆ

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಹೋದರೆ ಮಂಡಗದ್ದೆ. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ತುಂಗೆಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟಿರುತ್ತವೆ. ನಾವು ನೋಡುವುದು ದಡದಿಂದ. ಪರಿಚಯದವರ ಡಿಎಸ್‌ಎಲ್‌ಆರ್ ಒಂದನ್ನು ಎರವಲು ಪಡೆದು, ಅದರ ಜೊತೆಗೇ ಬಂದ 18-55 ಮಿ.ಮೀ. ಲೆನ್ಸಿನಲ್ಲಿ (ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಇಲ್ಲೊಮ್ಮೆ ಕ್ಲಿಕ್ ಮಾಡಿಸಿ. ಬೆಳ್ಳಕ್ಕಿ ಅಕ್ಕಿಕಾಳಾಗಿ ಕಾಣುತ್ತದೆ. ದೊಡ್ಡ ಕ್ಯಾಮೆರಾ ಎಂದರೆ ದೂರದ್ದೆಲ್ಲ ಹತ್ತಿರ ಬರುತ್ತದೆ ಎಂಬ ಭ್ರಮೆ ಅಲ್ಲೇ ಕಳಚುತ್ತದೆ. ಹಕ್ಕಿ ಬೇಕೆಂದರೆ ಇನ್ನೊಂದು ಲೆನ್ಸ್, ಕನಿಷ್ಠ 55-250 ಅಥವಾ 70-300, ಕೊಳ್ಳಲೇಬೇಕು. ಆ ಖರ್ಚನ್ನೂ ಮೊದಲ ದಿನವೇ ಲೆಕ್ಕಕ್ಕೆ ಹಿಡಿಯಿರಿ.

ಲೆನ್ಸ್ ಬದಲಿಸುವ ಗೋಜಿಲ್ಲದ ಉದ್ದ ಜೂಮ್ ಕ್ಯಾಮೆರಾಗಳು ಇಲ್ಲಿ ಗೆಲ್ಲುತ್ತವೆ. 2015ರಲ್ಲಿ ಬಂದ ನಿಕಾನ್ ಕೂಲ್‌ಪಿಕ್ಸ್ ಪಿ900ರಲ್ಲಿ 83 ಪಟ್ಟು ಜೂಮ್ ಇದೆ. ಗೂಡಿನಲ್ಲಿ ಬಾಯ್ದೆರೆದ ಮರಿಯೂ ಕಾಣುತ್ತದೆ. ಆದರೆ ಎರಡು ಮಾತು. ಒಂದು, ಇದು ಹೆಸರಿಗಷ್ಟೇ ಸಣ್ಣ ಕ್ಯಾಮೆರಾ. ತೂಕ ಸುಮಾರು 900 ಗ್ರಾಂ. 2018ರ ನಿಕಾನ್ ಡಿ3500 ಡಿಎಸ್‌ಎಲ್‌ಆರ್ ಲೆನ್ಸ್ ಸಮೇತ 620 ಗ್ರಾಂ ಆಸುಪಾಸು. ಇನ್ನೊಂದು, ಜೂಮನ್ನು ತುದಿಯವರೆಗೆ ಎಳೆದಾಗ ಬೆಳಕು ಒಳಬರುವ ಲೆನ್ಸಿನ ಕಿಂಡಿ ಕಿರಿದಾಗುತ್ತದೆ, ಒಳಗೆ ಆ ಬೆಳಕು ಹಿಡಿಯುವ ಸೆನ್ಸರ್ ಮೊದಲೇ ಚಿಕ್ಕದು. ಮಂಡಗದ್ದೆಯಲ್ಲಿ ಹಕ್ಕಿ ತುಂಬುವುದು ಮೋಡ ಕವಿದ ಕಾಲದಲ್ಲೇ. ಬಿಸಿಲಿದ್ದರೆ ಸೊಗಸು, ಇಲ್ಲದಿದ್ದರೆ ಫೋಟೊ ತುಂಬ ರವೆ ಚೆಲ್ಲಿದ ಹಾಗೆ.

ಕತ್ತಲೆಯ ಪರೀಕ್ಷೆ

ನಮ್ಮ ಕಡೆಯ ಮಕ್ಕಳ ಕ್ಯಾಮೆರಾ ಹುಚ್ಚು ಶುರುವಾಗುವುದು ಬಹಳ ಸಲ ಯಕ್ಷಗಾನದ ಆಟ ನಡೆಯುವ ಬಯಲಿನಲ್ಲಿ. ಬಡಗುತಿಟ್ಟಿನ ವೇಷ ಮಂಡಿ ಕುಣಿತ ಹೊಡೆಯುವಾಗ ಮೊಬೈಲಿನಲ್ಲಿ ಬರೀ ಬಣ್ಣದ ಗಿರಗಿಟ್ಲೆ ಸಿಗುತ್ತದೆ. ಕುಣಿತವನ್ನು ಹಿಡಿದು ನಿಲ್ಲಿಸಲು ಶಟರ್ (ಬೆಳಕಿಗೆ ತೆರೆದು ಮುಚ್ಚುವ ಪರದೆ) ಒಂದು ಸೆಕೆಂಡಿನ 250ನೇ ಒಂದು ಭಾಗದಷ್ಟಾದರೂ ವೇಗವಾಗಿರಬೇಕು; ಅಷ್ಟು ಕಡಿಮೆ ಹೊತ್ತಿನಲ್ಲಿ ಒಳಗೆ ಬರುವ ಬೆಳಕು ಅತ್ಯಲ್ಪ. ಸಣ್ಣ ಕ್ಯಾಮೆರಾಗಳ ಸೆನ್ಸರ್ ಸಾಮಾನ್ಯವಾಗಿ 6.2×4.6 ಮಿ.ಮೀ., ತೊಗರಿಕಾಳಿನಷ್ಟು. ನಿಕಾನ್‌ನ ಆರಂಭದ ಹಂತದ ಡಿಎಸ್‌ಎಲ್‌ಆರ್‌ಗಳದ್ದು ಸುಮಾರು 23.5×15.6 ಮಿ.ಮೀ., ಅಡಿಕೆ ಹೋಳಿನಷ್ಟು. ವಿಸ್ತೀರ್ಣದಲ್ಲಿ 13 ಪಟ್ಟು ವ್ಯತ್ಯಾಸ. ಮೆಗಾಪಿಕ್ಸೆಲ್ ಎಷ್ಟಾದರೂ ಇರಲಿ, ಇದನ್ನು ಮುಚ್ಚಿಡಲಾಗದು.

ಆದರೂ 18-55 ಲೆನ್ಸ್ ಇಲ್ಲಿ ಸೋಲುತ್ತದೆ. ಜೂಮ್ ಮಾಡಿದಾಗ ಅದರ ಕಿಂಡಿ ಎಫ್5.6 (ಈ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಅದನ್ನು ತೆಗೆದು ಎಫ್1.8 ಕಿಂಡಿಯ ಸಾದಾ 50 ಮಿ.ಮೀ. ಲೆನ್ಸ್ ಹಾಕಿದರೆ ಸುಮಾರು ಹತ್ತು ಪಟ್ಟು ಬೆಳಕು ಒಳಬರುತ್ತದೆ. ಜೂಮ್ ಇಲ್ಲ, ನಡೆದೇ ಹತ್ತಿರ ಹೋಗಬೇಕು. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಬಣ್ಣ ಹಚ್ಚಿಕೊಳ್ಳುವವರ ಮುಖ ತೆಗೆಯುವವರಿಗೆ ಇದಕ್ಕಿಂತ ಒಳ್ಳೆಯದು ಬೇಡ. ನನ್ನನ್ನು ಕೇಳಿದರೆ, ಡಿಎಸ್‌ಎಲ್‌ಆರ್ ಕೊಳ್ಳಲು ಗಟ್ಟಿ ಕಾರಣ ಇದೊಂದೇ. ನಿಕಾನ್ ಆದರೆ ಒಂದು ಎಚ್ಚರ: ಡಿ3500ರ ಒಳಗೆ ಫೋಕಸ್ ಮೋಟಾರ್ ಇಲ್ಲ. ಎಎಫ್-ಎಸ್ ಅಥವಾ ಎಎಫ್-ಪಿ ಎಂದು ಬರೆದಿರುವ, ಮೋಟಾರ್ ತನ್ನೊಳಗೇ ಇರುವ ಲೆನ್ಸನ್ನೇ ಕೇಳಿ.

ಹತ್ತಿರದ್ದು, ಒದ್ದೆಯದ್ದು

ಆಗುಂಬೆಯ ಕಪ್ಪೆ, ಅಣಬೆ, ಜಿಗಣೆಗಳ ಹುಚ್ಚಿದ್ದರೆ ಮೇಲಿನದ್ದೆಲ್ಲ ಮರೆತುಬಿಡಿ. ಒಲಿಂಪಸ್ ಟಿಜಿ-6ನಂಥ ನೀರು ಹೋಗದ ಸಣ್ಣ ಕ್ಯಾಮೆರಾ 15 ಮೀಟರ್ ಆಳದ ನೀರನ್ನೂ ತಾಳುತ್ತದೆ, ಲೆನ್ಸಿನಿಂದ 1 ಸೆಂ.ಮೀ. ದೂರದಲ್ಲೂ ಫೋಕಸ್ ಆಗುತ್ತದೆ. ಜಡಿಮಳೆಯಲ್ಲಿ ಆರಂಭದ ಡಿಎಸ್‌ಎಲ್‌ಆರ್ ಹೊರಗೆ ತೆಗೆಯುವಂತೆಯೇ ಇಲ್ಲ.

ಹಳೆಯದು ಕೊಳ್ಳುವಾಗ

ಕಂಪನಿಗಳು ಈಗ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗಳ ಕಡೆ ಹೊರಳಿವೆ. ಡಿ3500 ತಯಾರಿಕೆಯೇ ನಿಂತಿದೆ. ಹಾಗಾಗಿ ಮದುವೆ ಮನೆಗಳಲ್ಲಿ ದುಡಿದು ದಣಿದ ಡಿಎಸ್‌ಎಲ್‌ಆರ್‌ಗಳು ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಗುತ್ತವೆ. ಕಲಿಯುವ ಕೈಗೆ ಇವು ಧಾರಾಳ ಸಾಕು. ಶಟರ್ ಎಷ್ಟು ಸಲ ಬಡಿದಿದೆ ಎಂದು ಕೇಳಿ. ನಿಕಾನ್‌ನಲ್ಲಾದರೆ ಫೋಟೊ ಫೈಲಿನೊಳಗೇ ಆ ಲೆಕ್ಕ ಇರುತ್ತದೆ. ಡಿ3500ರ ಶಟರನ್ನು ಪರೀಕ್ಷಿಸಿರುವುದು 1 ಲಕ್ಷ ಕ್ಲಿಕ್‌ಗೆ. ಆಮೇಲೆ ಲೆನ್ಸ್ ಬಿಚ್ಚಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಾಯಿಸಿ. ಜೇಡರ ಬಲೆಯಂಥ ಎಳೆ ಕಂಡರೆ ಅಲ್ಲೇ ವಾಪಸ್ ಕೊಡಿ.

ಕೊಂಡಾದ ಮೇಲೆ: ಬೂಷ್ಟು

ಆ ಎಳೆ ಫಂಗಸ್. ಬೂಷ್ಟು. ಆಷಾಢದಲ್ಲಿ ಚಪ್ಪಲಿ, ಬೆಲ್ಟಿನ ಮೇಲೆ ಏಳುತ್ತದಲ್ಲ, ಲೆನ್ಸಿನೊಳಗೂ ಅದೇ. ನನ್ನ ಹಳೆಯ ಪಾಕೆಟ್ ಕ್ಯಾಮೆರಾವನ್ನು ಚರ್ಮದ ಚೀಲದಲ್ಲೇ ಬೀರುವಿಗೆ ಹಾಕಿ ಒಂದು ಮಳೆಗಾಲ ಮರೆತಿದ್ದೆ. ಗೌರಿ ಹಬ್ಬಕ್ಕೆ ತೆಗೆದರೆ ಎಲ್ಲ ಫೋಟೊಗೂ ಮಂಜು. ಲೆನ್ಸ್ ಬಿಚ್ಚಲು ಬಾರದ ಕ್ಯಾಮೆರಾ; ರಿಪೇರಿ ಲೆಕ್ಕ ಕೇಳಿ ಸುಮ್ಮನಾದೆ. ಡಿಎಸ್‌ಎಲ್‌ಆರ್ ಆಗಿದ್ದರೆ ಒಂದು ಲೆನ್ಸ್ ಮಾತ್ರ ಹೋಗುತ್ತಿತ್ತು.

ಆದ್ದರಿಂದ ಯಾವುದನ್ನೇ ಕೊಳ್ಳಿ, ಬಜೆಟ್ಟಿನ ಐದನೇ ಒಂದು ಭಾಗವನ್ನು ಒಣ ಡಬ್ಬಿ, ಮೆಮೊರಿ ಕಾರ್ಡ್, ಎರಡನೇ ಬ್ಯಾಟರಿಗೆ ಎತ್ತಿಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮೀಟರ್. ಅದರ ಮುಳ್ಳು ಶೇ. 40ರಿಂದ 50ರ ನಡುವೆ ನಿಲ್ಲಬೇಕು. ಅಕ್ಕಿ ಡಬ್ಬದಲ್ಲಿ ಹೂತಿಡುವ ಅಜ್ಜಿಯ ಉಪಾಯ ಬೇಡ, ಅಕ್ಕಿಯ ಧೂಳು ಲೆನ್ಸಿನ ಸಂದಿಗೆ ಹೋಗುತ್ತದೆ. ಹೊಗೆ ಅಟ್ಟವಂತೂ ಬೇಡವೇ ಬೇಡ. ಒದ್ದೆಯಾಗಿ ಬಂದ ದಿನ ಮೊದಲು ಒರೆಸಿ, ಫ್ಯಾನಿನ ಕೆಳಗಿಟ್ಟು, ಒಣಗಿದ ಮೇಲೆ ಡಬ್ಬಿಗೆ ಹಾಕಿ. ವಾರಕ್ಕೊಮ್ಮೆ ತೆಗೆದು ಬೆಳಕು ಕಾಣಿಸಿ, ನಾಲ್ಕು ಫೋಟೊ ತೆಗೆಯಿರಿ.

ಸಿಲಿಕಾ ನೀಲಿಯಿಂದ ಗುಲಾಬಿಗೆ ತಿರುಗಿದರೆ ತೇವ ಕುಡಿದಿದೆ ಎಂದರ್ಥ. ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿ. ನೀಲಿ ಕಾಳಿನಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ; ಕಿಟಕಿ ತೆರೆದಿಟ್ಟು, ಅಡುಗೆಗೆ ಮತ್ತೆ ಬಳಸದ ಹಳೆಯ ಬಾಣಲೆಯಲ್ಲಿ ಹುರಿಯಿರಿ. ಕಿತ್ತಳೆ ಬಣ್ಣದ್ದು ಸಿಕ್ಕರೆ ಅದನ್ನೇ ತನ್ನಿ.