ಬ್ರೂವರಿಯ ಈಸ್ಟ್ ಗಸಿ: ಡ್ರೈನಿಗೆ ಬಿಡದೆ ನಿಭಾಯಿಸುವುದು ಹೇಗೆ

ಬೆಂಗಳೂರಿನ ಪಬ್‌ಗಳಲ್ಲಿರುವಂಥ ಸಣ್ಣ ಬ್ರೂವರಿಯಲ್ಲಿ 1,000 ಲೀಟರ್ ಬಿಯರ್ ಮಾಡಿದರೆ ಬಿಯರ್ ಹುದುಗುವ ಟ್ಯಾಂಕಾದ ಫರ್ಮೆಂಟರಿನ ತಳದಲ್ಲಿ 20ರಿಂದ 40 ಲೀಟರ್ ಈಸ್ಟ್ (ಹುದುಗು ಬರಿಸುವ ಸೂಕ್ಷ್ಮಜೀವಿ) ಗಸಿ ಉಳಿಯುತ್ತದೆ. ಎರಡು ಬಕೆಟ್ ತಾನೇ, ಪೈಪ್ ಹಿಡಿದು ತೊಳೆದರಾಯಿತು ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಗಟ್ಟಿ ಗಸಿಯ ಸಿಒಡಿ, ಅಂದರೆ ಅದರಲ್ಲಿರುವ ಕೊಳೆಯನ್ನು ರಾಸಾಯನಿಕವಾಗಿ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕದ ಅಳತೆ, ಲೀಟರಿಗೆ ಹೆಚ್ಚುಕಡಿಮೆ 2 ಲಕ್ಷ ಮಿಲಿಗ್ರಾಂ. 30 ಲೀಟರಿಗೆ 6 ಕಿಲೋ. ಒಬ್ಬರ ಒಂದು ದಿನದ ಕೊಳಚೆಯಲ್ಲಿ ಇರುವುದು 100 ಗ್ರಾಂ ಆಸುಪಾಸು. ಅಂದರೆ 60 ಜನರ ದಿನದ ಹೊರೆ ಹತ್ತೇ ನಿಮಿಷದಲ್ಲಿ ಕೊಳೆನೀರಿನ ಟ್ಯಾಂಕಿಗೆ ಬಿದ್ದಂತೆ. ಬ್ರೂವರಿಯ ಕೊಳೆನೀರು ಶುದ್ಧೀಕರಿಸುವ ಘಟಕ (ಇಟಿಪಿ) ಸೋತರೆ ಅದೇ ಹೊರೆ ರಾಜಕಾಲುವೆ ಸೇರುತ್ತದೆ. ಕೋರಮಂಗಲದ ಕಡೆಯದಾದರೆ ಬೆಳ್ಳಂದೂರು ಕೆರೆಗೆ.

ಆದ್ದರಿಂದ ಗಸಿಯನ್ನು ಹಿಡಿಯಬೇಕಾದ ಜಾಗ ಫರ್ಮೆಂಟರಿನ ಕೆಳಗಿನ ವಾಲ್ವ್. ಬಿಯರ್ ತಣ್ಣಗಾದ ಮೇಲೆ ವಾಲ್ವನ್ನು ನಿಧಾನವಾಗಿ ತೆರೆಯಿರಿ. ಒಮ್ಮೆಲೇ ತೆರೆದರೆ ಗಸಿಯ ನಡುವೆ ಕೊಳವೆಯಂತೆ ದಾರಿಯಾಗಿ ಒಳ್ಳೆಯ ಬಿಯರ್ ಹರಿದುಹೋಗುತ್ತದೆ, ಗಸಿ ಗೋಡೆಗೆ ಅಂಟಿಕೊಂಡು ಉಳಿಯುತ್ತದೆ. ಡ್ರಮ್ಮನ್ನು ಮೂರನೇ ಎರಡು ಭಾಗ ಮಾತ್ರ ತುಂಬಿ, ಮುಚ್ಚಳವನ್ನು ಬಿಗಿಯಬೇಡಿ. ಜೀವಂತ ಈಸ್ಟ್ ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟಿನಂತೆ ಉಕ್ಕುತ್ತದೆ. ಬಿಗಿದ ಡ್ರಮ್ ಒಡೆಯುತ್ತದೆ. ಗಾಳಿಯಾಡದ ನೆಲಮಾಳಿಗೆಯಲ್ಲಿ ಇಡಲೇಬೇಡಿ, ಹೊರಬರುವ ಇಂಗಾಲದ ಡೈಆಕ್ಸೈಡ್ ನೆಲದ ಹತ್ತಿರ ಶೇಖರವಾಗಿ ಜೀವಕ್ಕೇ ಅಪಾಯ. ಕಾಸ್ಟಿಕ್ ಸೋಡಾ ಹಾಕಿ ತೊಳೆದ ನೀರು ಈ ಡ್ರಮ್ಮಿಗೆ ಒಂದು ತೊಟ್ಟೂ ಬೀಳಬಾರದು.

ಮುಂದಿನ ಕೆಲಸ ಕಾಯಿಸುವುದು. ಕಲಕುತ್ತಾ 70 ಡಿಗ್ರಿ ಸೆಲ್ಸಿಯಸ್‌ಗೆ ತಂದು 20 ನಿಮಿಷ ಹಾಗೇ ಇಡಿ. ತಳ ಬೇಗ ಹಿಡಿಯುತ್ತದೆ, ಹಾಗಾಗಿ ಬಿಸಿನೀರಿನ ತೊಟ್ಟಿಯೊಳಗೆ ಪಾತ್ರೆಯಿಟ್ಟು ಕಾಯಿಸುವುದೇ ವಾಸಿ. ಹೀಗೆ ಸತ್ತ ಈಸ್ಟ್ ದನಗಳಿಗೆ ಒಳ್ಳೆಯ ಪ್ರೋಟೀನು; ಬಿಯರ್ ಮಾಡಿ ಉಳಿದ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿ) ಸಿಪ್ಪೆಯ ಜೊತೆ ಬೆರೆಸಿ ಅದೇ ದಿನ ಹಾಲಿನ ರೈತರಿಗೆ ಕೊಡಬಹುದು. ಮೊದಲು ಸ್ವಲ್ಪವೇ ತಿನ್ನಿಸಿ ಅಭ್ಯಾಸ ಮಾಡಿಸಲು ಹೇಳಿ. ಕಾಯಿಸದೆ ಕೊಟ್ಟರೆ ಹಸುವಿಗೆ ಹೊಟ್ಟೆ ಉಬ್ಬರ ಬರಬಹುದು. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂ ಇರುವ ಗಸಿ ನಾಯಿಗಳಿಗೆ ವಿಷ, ಅವುಗಳ ಬಾಯಿಗೆ ಸಿಗದಂತೆ ನೋಡಿಕೊಳ್ಳಿ.

ಒಯ್ಯುವವರು ಸಿಗದಿದ್ದರೆ ಮಾತ್ರ ಇಟಿಪಿ, ಅದೂ ಅಳೆದು. ದಿನಕ್ಕೆ 10,000 ಲೀಟರ್ ಕೊಳೆನೀರು, ಸಿಒಡಿ ಲೀಟರಿಗೆ 3,000 ಮಿಲಿಗ್ರಾಂ ಅಂದುಕೊಳ್ಳಿ. ಒಟ್ಟು ಹೊರೆ 30 ಕಿಲೋ. ಈಸ್ಟಿನ ಪಾಲು ಇದರ ಶೇ. 5 ಮೀರದಿರಲಿ, ಅಂದರೆ ಒಂದೂವರೆ ಕಿಲೋ. ಗಸಿಯ ಲೆಕ್ಕದಲ್ಲಿ ಏಳೂವರೆ ಲೀಟರ್. ಮೂವತ್ತು ಲೀಟರ್ ಮುಗಿಯಲು ನಾಲ್ಕು ದಿನ ಬೇಕು. ಕಾಯಿಸಿದ್ದನ್ನು ಕೋಲ್ಡ್ ರೂಮಿನಲ್ಲಿಟ್ಟು, ಹತ್ತು ಪಟ್ಟು ನೀರು ಬೆರೆಸಿ, ಡೋಸಿಂಗ್ ಪಂಪಿನಿಂದ ಇಡೀ ದಿನ ಹನಿಹನಿಯಾಗಿ ಈಕ್ವಲೈಸೇಶನ್ ಟ್ಯಾಂಕಿಗೆ (ಕೊಳೆನೀರು ಮೊದಲು ಸೇರಿ ಬೆರೆಯುವ ತೊಟ್ಟಿ) ಬಿಡಿ. ಕಾಯಿಸಿದಾಗ ಜೀವಕೋಶದೊಳಗಿನ ಸಾರ ನೀರಿಗೆ ಬರುವುದರಿಂದ ಅದು ಆಮ್ಲಜನಕವನ್ನು ಬೇಗ ಕಬಳಿಸುತ್ತದೆ. ಒಟ್ಟಿಗೆ ಸುರಿದರೆ ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್‌ಗೆ ತಾಳಿಕೆಯಿಲ್ಲ. ದಿನದ ಏಳೂವರೆ ಲೀಟರ್ ಗಸಿಯಲ್ಲಿ ಸುಮಾರು 70 ಗ್ರಾಂ ಸಾರಜನಕವೂ ಇರುತ್ತದೆ, ಆದ್ದರಿಂದ ಕೊಳೆ ತಿನ್ನುವ ಬ್ಯಾಕ್ಟೀರಿಯಕ್ಕೆ ಸಾರಜನಕಕ್ಕಾಗಿ ದಿನವೂ ಯೂರಿಯಾ ಹಾಕುತ್ತಿದ್ದರೆ ಅದರಲ್ಲಿ 150 ಗ್ರಾಂ ಕಡಿಮೆ ಮಾಡಿ.

ಕಾಯಿಸದ ಈಸ್ಟ್ ಟ್ಯಾಂಕಿನಲ್ಲಿರುವ ಸಕ್ಕರೆಯನ್ನು ಹುದುಗಿಸಿ ಪಿಎಚ್ ಇಳಿಸುತ್ತದೆ. ಅದರ ಕಣಗಳು 5ರಿಂದ 10 ಮೈಕ್ರಾನ್‌ನಷ್ಟು ಸಣ್ಣವು, ಸುಲಭವಾಗಿ ತಳ ಸೇರುವುದಿಲ್ಲ. ಏರೇಶನ್ ಟ್ಯಾಂಕಿನ (ಗಾಳಿ ಊದುವ ತೊಟ್ಟಿ) ನೀರನ್ನು ಒಂದು ಲೀಟರಿನ ಗಾಜಿನ ಜಾಡಿಯಲ್ಲಿ ಅರ್ಧ ಗಂಟೆ ಅಲುಗಾಡದಂತೆ ಇಡಿ. ಮೇಲಿನ ನೀರು ತಿಳಿಯಾಗಿರಬೇಕು. ಅಕ್ಕಚ್ಚಿನಂತೆ ಬೆಳ್ಳಗೆ ಮಬ್ಬಾಗಿದ್ದರೆ ಈಸ್ಟ್ ಜಾಸ್ತಿಯಾಗಿದೆ. ಕೆಸರು 600 ಮಿಲಿಲೀಟರ್ ದಾಟಿದ್ದರೆ ಅದು ಸರಿಯಾಗಿ ತಳ ಸೇರುತ್ತಿಲ್ಲ, ಔಟ್‌ಲೆಟ್ಟಿನಲ್ಲಿ ಹೊರಬರಬಹುದು.

ಹೀಗಾದರೆ, ಇಲ್ಲವೇ ಕರಗಿದ ಆಮ್ಲಜನಕ ಲೀಟರಿಗೆ 1 ಮಿಲಿಗ್ರಾಂಗಿಂತ ಕೆಳಗಿಳಿದರೆ, ಗಸಿ ನಿಲ್ಲಿಸಿ ಬ್ಲೋವರ್‌ಗಳನ್ನು ಪೂರ್ತಿ ಓಡಿಸಿ. ನೊರೆಯನ್ನು ನೀರು ಚಿಮುಕಿಸಿ ಇಳಿಸಿ. ಬ್ಲೀಚಿಂಗ್ ಪೌಡರ್ ಹಾಕಿದರೆ ಬೇಕಾದ ಬ್ಯಾಕ್ಟೀರಿಯವೇ ಸಾಯುತ್ತದೆ. ಆಮ್ಲಜನಕ ಎರಡು ದಿನ ಸತತವಾಗಿ 2 ಮಿಲಿಗ್ರಾಂ ಮೇಲೆ ನಿಂತ ನಂತರವೇ ಮತ್ತೆ ದಿನಕ್ಕೆ 2 ಲೀಟರಿನಿಂದ ಶುರು ಮಾಡಿ.