ಪಿನ್ನಿನ ಕೆಳಗಿನ ಅರ್ಧ

ಲೇಥ್ ಅಂಗಡಿಯ ಹಿರಿಯರು ನನ್ನ ಅಗೆಯುವ ಯಂತ್ರದ ಕೀಲಿನ ಪಿನ್ನನ್ನು ಕಾಟನ್ ವೇಸ್ಟಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು. ಮೇಲಿನ ಅರ್ಧ ನುಣುಪಾಗಿ ಹೊಳೆಯುತ್ತಿತ್ತು. ಕೆಳಗಿನ ಅರ್ಧದ ಮೇಲೆ ಉಗುರು ಎಳೆದರೆ ಗೆರೆಗೆರೆಗೂ ತಡೆಯುತ್ತಿತ್ತು, ಉಕ್ಕು ಕಾದು ನೀಲಿಗೆ ತಿರುಗಿತ್ತು. “ನೀನು ಗ್ರೀಸ್ ಹಾಕಿಲ್ಲ ಎನ್ನುವುದಿಲ್ಲ ತಮ್ಮಾ, ಹಾಕಿದ್ದೀಯ. ಹೋಗಬೇಕಾದ ಕಡೆ ಅದು ಹೋಗಿಲ್ಲ, ಅಷ್ಟೇ” ಎಂದರು.

ಟ್ರ್ಯಾಕ್ಟರಿನ ಹಿಂದೆ ಬ್ಯಾಕ್‌ಹೋ ಎಂಬ ಮಣ್ಣು ಅಗೆಯುವ ತೋಳು ಕಟ್ಟಿಸಿ ಆಗ ಎರಡು ಹಂಗಾಮು ಕಳೆದಿತ್ತು. ನಮ್ಮ ತೀರ್ಥಹಳ್ಳಿ ಕಡೆ ಜನ ಇದನ್ನೂ ಜೆಸಿಬಿ ಎಂದೇ ಕರೆಯುತ್ತಾರೆ. ಹೊಸ ಅಡಿಕೆ ತೋಟಗಳಿಗೆ ಬಸಿಗಾಲುವೆ, ನೀರಿನ ಪೈಪಿಗೆ ಕಾಲುವೆ, ಗುಡ್ಡದ ಮೇಲೆ ಇಂಗುಗುಂಡಿ, ಇವೇ ಕೆಲಸ. ಸಂಕ್ರಾಂತಿ ಕಳೆದ ಮೇಲೆ ಶುರುವಾದರೆ ಮೃಗಶಿರಾ ಮಳೆ ಹಿಡಿಯುವವರೆಗೆ ಬಿಡುವಿಲ್ಲ. ಆ ವರ್ಷ ಏಪ್ರಿಲ್ ನಡುವಿನಲ್ಲಿ ಬೂಮ್ (ಟ್ರ್ಯಾಕ್ಟರಿನ ಕಡೆಯ ದೊಡ್ಡ ತೋಳು) ಮತ್ತು ಆರ್ಮ್ (ಬಕೆಟ್ ಕಡೆಯ ತೋಳು) ಸೇರುವ ಕೀಲು ಕಟಕಟ ಎನ್ನತೊಡಗಿತು. ಬಕೆಟ್ ಹಿಡಿದು ಅಲುಗಿಸಿದರೆ ತೋಳು ಒಂದು ಬೆರಳಿನಷ್ಟು ಅತ್ತಿತ್ತ ಆಡುತ್ತಿತ್ತು. ಬಿಚ್ಚಿ ನೋಡಿದಾಗ ಬುಷ್, ಅಂದರೆ ಪಿನ್ ಕೂರುವ ಲೋಹದ ಬಳೆ, ಮೊಟ್ಟೆಯಾಕಾರಕ್ಕೆ ಸವೆದಿತ್ತು. ಒಂದು ದಿನವೂ ಗ್ರೀಸ್ ತಪ್ಪಿಸಿರಲಿಲ್ಲವಲ್ಲ ಎಂದು ನನಗೆ ಬಹಳ ಸಂಕಟವಾಯಿತು.

ತಪ್ಪು ಎಲ್ಲಿತ್ತೆಂದರೆ, ನಾನು ದಿನವೂ ಸಂಜೆ ಬಕೆಟ್ಟನ್ನು ನೆಲಕ್ಕೆ ಬಲವಾಗಿ ಒತ್ತಿ ನಿಲ್ಲಿಸಿ, ಅದೇ ಭಂಗಿಯಲ್ಲಿ ಗ್ರೀಸ್ ಗನ್ ಹಿಡಿಯುತ್ತಿದ್ದೆ. ಆಗ ಬೂಮಿನ ಭಾರವೆಲ್ಲ ಪಿನ್ನಿನ ಮೂಲಕ ಆರ್ಮಿನ ಮೇಲೆ ಕೂರುತ್ತದೆ. ಪಿನ್ನಿನ ಕೆಳಮೈ ಬುಷ್‌ಗೆ ಕಚ್ಚಿಕೊಂಡಿರುತ್ತದೆ, ಮೇಲ್ಮೈಯಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತದೆ. ಗ್ರೀಸ್ ಸುಲಭದ ದಾರಿ ಹುಡುಕುವ ವಸ್ತು. ಆ ಸಂದಿನಲ್ಲೇ ನುಗ್ಗಿ ಎರಡೂ ತುದಿಯಲ್ಲಿ ಹೊರಬರುತ್ತದೆ. ಹೊಸ ಗ್ರೀಸ್ ಇಣುಕಿದ್ದನ್ನು ನೋಡಿ ಕೀಲು ತುಂಬಿತೆಂದು ನಾನು ಮುಂದಿನ ನಿಪ್ಪಲ್‌ಗೆ (ಗ್ರೀಸ್ ಒತ್ತುವ ಸಣ್ಣ ಬಾಯಿಗೆ) ಹೋಗುತ್ತಿದ್ದೆ. ಅಗೆಯುವಾಗ ಹೆಚ್ಚು ಪೆಟ್ಟು ತಿನ್ನುವ ಮೈ ಒಣಗಿಯೇ ಉಳಿಯುತ್ತಿತ್ತು.

ಈಗ ಎರಡು ಭಂಗಿಯಲ್ಲಿ ಹಾಕುತ್ತೇನೆ. ಮೊದಲು ಬಕೆಟ್ ನೆಲದ ಮೇಲೆ ಸುಮ್ಮನೆ ಕೂರುವಂತೆ ಇಳಿಸಿ, ಎಂಜಿನ್ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಎಲ್ಲ ನಿಪ್ಪಲ್‌ಗಳಿಗೂ ಎರಡೆರಡು ಒತ್ತು. ಆಮೇಲೆ ಬಕೆಟ್ಟನ್ನು ನೆಲದಿಂದ ನಾಲ್ಕು ಬೆರಳು ಎತ್ತಿ, ಅಡಿಗೆ ಮರದ ತುಂಡುಗಳನ್ನು ತಾಗದಂತೆ ಇಟ್ಟು, ಮತ್ತೆ ಎಂಜಿನ್ ನಿಲ್ಲಿಸುತ್ತೇನೆ. ಈಗ ಆರ್ಮ್ ಪಿನ್ನಿನಿಂದ ನೇತಾಡುತ್ತದೆ, ಭಾರ ಮೇಲ್ಮೈಗೆ ಬಂದು ಕೆಳಗೆ ಸಂದು ಬಿಡುತ್ತದೆ. ಇನ್ನೆರಡು ಒತ್ತು. ಹೀಗೆ ಮಾಡಿದ ಮೊದಲ ದಿನ ಎರಡನೆಯ ಸರದಿಯಲ್ಲಿ ಬಕೆಟ್ ಪಿನ್ನುಗಳಿಂದ ಹೊರಬಂದದ್ದು ಕಪ್ಪು ಮಿಶ್ರಿತ ಕೆಂಪು ಕೆಸರು. ಅಷ್ಟು ದಿನ ಅದು ಒಳಗೇ ಕುಳಿತು ಉಕ್ಕನ್ನು ತಿನ್ನುತ್ತಿತ್ತು. ನಮ್ಮ ಗುಡ್ಡಗಳದು ಜಂಬಿಟ್ಟಿಗೆ ಮಣ್ಣು. ಅದರ ಪುಡಿ ಗ್ರೀಸಿನೊಡನೆ ಬೆರೆತರೆ ಎಂಜಿನ್ನಿನ ವಾಲ್ವ್ ಉಜ್ಜುವ ಪೇಸ್ಟಿನಂತೆಯೇ ಕೆಲಸ ಮಾಡುತ್ತದೆ. ಆದ್ದರಿಂದ ಒಳಗಿನ ಕೊಳೆ ಹೊರಬಂದು ಸ್ವಚ್ಛ ಗ್ರೀಸ್ ಕಾಣುವವರೆಗೆ ಒತ್ತಬೇಕು. ಎರಡು, ನಾಲ್ಕು ಎಂಬ ಲೆಕ್ಕ ಅಂದಾಜಿಗೆ ಮಾತ್ರ.

ನನ್ನ ಯಂತ್ರದಲ್ಲಿ 24 ನಿಪ್ಪಲ್‌ಗಳಿವೆ. ಎಣ್ಣೆಯ ಒತ್ತಡದಿಂದ ಯಂತ್ರವನ್ನು ಆಡಿಸುವ ಏಳು ಸಿಲಿಂಡರ್‌ಗಳ ಎರಡೆರಡು ತುದಿಗೆ 14, ಉಳಿದ ಕೀಲುಗಳಿಗೆ 10. ಕೈಗನ್ನಿನ ಒಂದು ಒತ್ತಿಗೆ ಹೆಚ್ಚುಕಡಿಮೆ ಒಂದು ಗ್ರಾಂ ಬರುತ್ತದೆ. ನಿಪ್ಪಲ್‌ಗೆ ನಾಲ್ಕು ಒತ್ತಿನಂತೆ ದಿನಕ್ಕೆ ಸುಮಾರು 100 ಗ್ರಾಂ ಎಂದು ಹಿಡಿದರೆ ಒಂದು ಕಿಲೋ ಡಬ್ಬಿ ಹತ್ತು ದಿನಕ್ಕೆ ಬರಬೇಕು. ಡಬ್ಬಿ ಇಪ್ಪತ್ತು ದಿನ ಬಂದರೆ ಎಲ್ಲೋ ಯಾವುದೋ ನಿಪ್ಪಲ್ ಮರೆತಿದ್ದೇವೆ ಎಂದೇ ಅರ್ಥ. ಸಹಾಯಕ್ಕೆ ಬರುವ ಹುಡುಗ ಬಕೆಟ್ಟಿನಿಂದ ಶುರು ಮಾಡಿ ಟ್ರ್ಯಾಕ್ಟರಿನ ಕಡೆಗೆ ಬಾಯಲ್ಲಿ ಎಣಿಸುತ್ತಾ ಬರುತ್ತಾನೆ. 24 ಆಗದಿದ್ದರೆ ಹಿಂದಕ್ಕೆ ಹೋಗುತ್ತಾನೆ.

ಎಲ್ಲ ಕೀಲುಗಳಿಗೂ ಒಂದೇ ಸಮನಾದ ದುಡಿಮೆ ಇಲ್ಲ. ಮಣ್ಣಿನಲ್ಲಿ ಮುಳುಗೇಳುವ ಬಕೆಟ್ ಪಿನ್ನುಗಳಿಗೂ, ಬೂಮನ್ನು ಎಡಬಲಕ್ಕೆ ತಿರುಗಿಸುವ ಲಂಬ ಪಿನ್ನಿನ ಕೆಳಗಿನ ಬುಷ್‌ಗೂ ಮಧ್ಯಾಹ್ನದ ಊಟದ ಹೊತ್ತಿಗೆ ಇನ್ನೊಮ್ಮೆ ಹಾಕುತ್ತೇನೆ. ಆ ಕೆಳಗಿನ ಬುಷ್ ಕೊಳೆಯ ನಡುವೆ ಕಣ್ಣಿಗೆ ಬೀಳದಂತೆ ಅವಿತಿರುತ್ತದೆ, ಬಾಗಿ ಕೈ ಹಾಕಿಯೇ ಹುಡುಕಬೇಕು. ಉಳಿದವಕ್ಕೆ ಸಂಜೆ ಸಾಕು. ಬೆಳಿಗ್ಗೆಗಿಂತ ಸಂಜೆಯೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಕೀಲು ಬಿಸಿ ಇರುವುದರಿಂದ ಗ್ರೀಸ್ ಒಳಗೆ ಸಲೀಸಾಗಿ ಹರಡುತ್ತದೆ, ರಾತ್ರಿಯ ಇಬ್ಬನಿ ಸಂದಿಗೆ ಇಳಿಯದಂತೆ ತಡೆಯುತ್ತದೆ.

ಮೊದಲು ಪೆಟ್ರೋಲ್ ಬಂಕಿನಲ್ಲಿ ಸಿಗುವ ಸಾಮಾನ್ಯ ಬಳಕೆಯ ಎಪಿ-3 ಗ್ರೀಸನ್ನೇ ಹಾಕುತ್ತಿದ್ದೆ. ಅದು ಚಕ್ರದ ಬೇರಿಂಗಿಗೆ ಒಳ್ಳೆಯದು. ನಿಧಾನವಾಗಿ ತಿರುಗುತ್ತಾ ಭಾರಿ ಪೆಟ್ಟು ತಿನ್ನುವ ಪಿನ್ನಿಗೆ ಮಾಲಿಬ್ಡಿನಮ್ ಡೈಸಲ್ಫೈಡ್ ಎಂಬ ಕಪ್ಪು ಪುಡಿ ಬೆರೆಸಿದ, ಭಾರಿ ಒತ್ತಡ ತಡೆಯುವ ಇಪಿ-2 ದರ್ಜೆಯ ಗ್ರೀಸ್ ಹೆಚ್ಚು ಒಪ್ಪುತ್ತದೆ. ಗ್ರೀಸ್ ಹಿಂಡಿಹೋದರೂ ಆ ಕಪ್ಪು ಪುಡಿ ಲೋಹಕ್ಕೆ ಅಂಟಿಕೊಂಡಿರುತ್ತದೆ. ಬದಲಿಸಿದಾಗ ಗನ್ನನ್ನು ಡೀಸೆಲ್‌ನಲ್ಲಿ ತೊಳೆದು ಒಣಗಿಸಿಯೇ ಹೊಸತನ್ನು ತುಂಬಿದೆ. ಬೇರೆ ಬೇರೆ ಜಾತಿಯ ಗ್ರೀಸ್ ಬೆರೆತರೆ ಕೆಲವೊಮ್ಮೆ ನೀರಾಗಿ ಸೋರಿಹೋಗುತ್ತದೆ. ಡಬ್ಬಿಯ ಮುಚ್ಚಳವನ್ನು ತೆರೆದಿಟ್ಟು ಊಟಕ್ಕೆ ಹೋಗುವುದು ನನಗೆ ಸುತರಾಂ ಸಹಿಸದ ವಿಷಯ. ದೂಳು ಬಿದ್ದ ಗ್ರೀಸ್ ಹಾಕುವುದೂ ಪಿನ್ನಿಗೆ ನಾವೇ ಕೈಯಾರೆ ಮರಳು ತುಂಬುವುದೂ ಒಂದೇ.

ನಿಪ್ಪಲ್ ಒರೆಸದೆ ಗನ್ ಹಿಡಿಯಬಾರದು. ಎಷ್ಟು ಒತ್ತಿದರೂ ಗ್ರೀಸ್ ಹೋಗದಿದ್ದರೆ ಹಿಡಿಕೆಯ ಮೇಲೆ ಬಲ ಹಾಕಿ ಪ್ರಯೋಜನವಿಲ್ಲ. ನಿಪ್ಪಲ್ ಬಿಚ್ಚಿ ಗನ್ನಿಗೆ ಸಿಕ್ಕಿಸಿ ಒತ್ತುತ್ತೇನೆ. ಆಗಲೂ ಬಾರದಿದ್ದರೆ ಒಳಗಿನ ಸಣ್ಣ ಗುಂಡು ಅಂಟಿದೆ, ಹೊಸ ನಿಪ್ಪಲ್ ಹಾಕಿದರೆ ಮುಗಿಯಿತು. ನಿಪ್ಪಲ್‌ನಿಂದ ಸರಾಗವಾಗಿ ಬಂದರೆ ಕೀಲಿನೊಳಗಿನ ದಾರಿಯೇ ಕಟ್ಟಿಕೊಂಡಿದೆ. ತಂತಿ ಆಡಿಸಿ, ಡೀಸೆಲ್ ಬಿಟ್ಟು, ಒಂದು ರಾತ್ರಿ ನೆನೆಯಲು ಬಿಡಬೇಕು. ಹೊಸ ಬುಷ್ ಕೂರಿಸುವಾಗಲೂ ಎಚ್ಚರ ಬೇಕು. ಬುಷ್‌ನ ತೂತು ನಿಪ್ಪಲ್‌ನ ತೂತಿಗೆ ಸರಿಯಾಗಿ ಎದುರು ಬರದಿದ್ದರೆ ಗ್ರೀಸ್ ಒಳಗೆ ಇಳಿಯುವುದೇ ಇಲ್ಲ. ಲೇಥ್‌ನವರಿಗೆ ಹೇಳಿ ಒಳಮೈಯಲ್ಲಿ ಗ್ರೀಸ್ ಓಡಾಡಲು ಕಾಲುವೆ ಕೊರೆಸಬೇಕು. ನನ್ನ ಹಿರಿಯರು ಹೇಳುವ ಮೊದಲೇ ಕೊರೆದಿದ್ದರು.

ಗ್ರೀಸ್ ಗನ್ ಹಿಡಿದು ಎಲ್ಲ ಮೂಲೆಗೂ ಬಗ್ಗುವುದರ ಇನ್ನೊಂದು ಲಾಭ, ಕಣ್ಣು ಎಲ್ಲದರ ಮೇಲೂ ಓಡುತ್ತದೆ. ಬ್ಯಾಕ್‌ಹೋ ಚೌಕಟ್ಟನ್ನು ಟ್ರ್ಯಾಕ್ಟರಿಗೆ ಬಿಗಿದ ಬೋಲ್ಟುಗಳ ಮೇಲೆ ಬಿಳಿ ಬಣ್ಣದ ಗೆರೆ ಎಳೆದಿದ್ದೇನೆ. ಬೋಲ್ಟಿನ ಗೆರೆಯೂ ಚೌಕಟ್ಟಿನ ಗೆರೆಯೂ ಕೂಡದಿದ್ದರೆ ಸಡಿಲವಾಗಿದೆ ಎಂದು ತಿಳಿಯುತ್ತದೆ. ಅಗೆಯುವ ಬಲವನ್ನೆಲ್ಲ ಆ ಚೌಕಟ್ಟೇ ಹೊರಬೇಕು. ಅದು ಸಡಿಲಾದರೆ ಹೊಡೆತ ನೇರವಾಗಿ ಟ್ರ್ಯಾಕ್ಟರಿನ ಗೇರುಪೆಟ್ಟಿಗೆಯ ಎರಕಕ್ಕೆ ಬೀಳುತ್ತದೆ, ಎರಕ ಬಿರುಕು ಬಿಟ್ಟರೆ ಟ್ರ್ಯಾಕ್ಟರೇ ಮೂಲೆ ಸೇರುತ್ತದೆ. ಹೈಡ್ರಾಲಿಕ್ ಎಣ್ಣೆ ಹರಿಯುವ ಹೋಸ್ (ರಬ್ಬರ್ ಕೊಳವೆ) ಎಲ್ಲಾದರೂ ಉಜ್ಜುತ್ತಿದ್ದರೆ ಹಳೆಯ ಹೋಸ್ ಸೀಳಿ ಮೇಲೆ ಹೊದಿಸಿ ಕಟ್ಟುತ್ತೇನೆ.

ಹೋಸ್‌ನ ವಿಷಯದಲ್ಲಿ ಹುಡುಗನಿಗೆ ಮತ್ತೆ ಮತ್ತೆ ಹೇಳುವ ಮಾತೊಂದಿದೆ: ಎಣ್ಣೆ ಜಿನುಗುವ ಜಾಗವನ್ನು ಎಂದೂ ಬೆರಳಿನಿಂದ ಮುಟ್ಟಿ ಹುಡುಕಬೇಡ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಹೈಡ್ರಾಲಿಕ್ ಎಣ್ಣೆ ಚರ್ಮ ತೂರಿ ಮಾಂಸದೊಳಗೆ ಹೋಗುತ್ತದೆ. ಮೇಲೆ ಮುಳ್ಳು ಚುಚ್ಚಿದಷ್ಟೇ ಗಾಯ ಕಂಡರೂ ತಡಮಾಡದೆ ಆಸ್ಪತ್ರೆಗೆ ಓಡಬೇಕು, ತಡವಾದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯುತ್ತೇವೆ. ಹೋಸ್ ಬಿಚ್ಚುವ ಮುನ್ನ ಬಕೆಟ್ ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಲಿವರ್‌ಗಳನ್ನೆಲ್ಲ ಹಿಂದೆಮುಂದೆ ಆಡಿಸಿ ಒಳಗಿನ ಒತ್ತಡ ಕಳೆಯುತ್ತೇವೆ.

ಸಿಲಿಂಡರಿನ ಹೊಳೆಯುವ ರಾಡಿಗೆ ಕೆಲಸದ ದಿನಗಳಲ್ಲಿ ಗ್ರೀಸ್ ಸವರುವುದಿಲ್ಲ. ಸವರಿದರೆ ದೂಳು ಅಂಟಿಕೊಂಡು, ಎಣ್ಣೆ ಸೋರದಂತೆ ತಡೆಯುವ ಸೀಲ್ ಹಾಳಾಗುತ್ತದೆ. ಮಳೆಗಾಲದ ಮಾತು ಬೇರೆ. ಜೂನ್‌ನಲ್ಲಿ ಯಂತ್ರವನ್ನು ತೊಳೆದು, ಅದೇ ದಿನ 24 ನಿಪ್ಪಲ್‌ಗೂ ನೀರು ಹೊರಬರುವವರೆಗೆ ಗ್ರೀಸ್ ಒತ್ತಿ, ಸಿಲಿಂಡರ್‌ಗಳನ್ನು ಆದಷ್ಟು ಒಳಕ್ಕೆಳೆದು ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ನಿಲ್ಲಿಸುತ್ತೇನೆ. ಹೊರಗೆ ಉಳಿದ ರಾಡಿನ ಭಾಗಕ್ಕೆ ಗ್ರೀಸ್ ಬಳಿದು ಗೋಣಿ ಸುತ್ತುತ್ತೇನೆ. ಆಯುಧಪೂಜೆಗೆ ಗೋಣಿ ಬಿಚ್ಚಿ, ಆ ಗ್ರೀಸನ್ನು ಚೊಕ್ಕವಾಗಿ ಒರೆಸಿದ ಮೇಲೆಯೇ ಲಿವರ್ ಮುಟ್ಟುವುದು. ಕಳೆದ ಬಾರಿ ಪೂಜೆಯ ಹಿಂದಿನ ದಿನ ಅದೇ ಕೀಲಿನ ಪಿನ್ ಹೊಡೆದು ತೆಗೆದು ನೋಡಿದೆ. ಸುತ್ತಲೂ ಒಂದೇ ಸಮನಾಗಿ ಕಪ್ಪು ಪೊರೆ ಹಿಡಿದಿತ್ತು. ಉಗುರು ಎಲ್ಲಿಯೂ ತಡೆಯಲಿಲ್ಲ. ಒರೆಸಿ, ಹೊಸ ಗ್ರೀಸ್ ಸವರಿ, ಅದನ್ನೇ ಮತ್ತೆ ಒಳಗೆ ಹೊಡೆದೆ.